ಫರ್ನೇಸ್ ಪರದೆಗೆ ಬೂದು ಬಣ್ಣ ಯಾಕೆ?

ಪೀಣ್ಯದಲ್ಲಿ ಲೋಹದ ಭಾಗಗಳನ್ನು ಫರ್ನೇಸ್‌ನಲ್ಲಿ ಕಾಯಿಸಿ ಹದ ಮಾಡುವ ಒಂದು ಹೀಟ್ ಟ್ರೀಟ್‌ಮೆಂಟ್ ಶಾಪ್ ಇದೆ. ಅಲ್ಲಿ ಫರ್ನೇಸ್ ನೋಡಿಕೊಳ್ಳುವ ಕಂಪ್ಯೂಟರ್‌ಗೆ ಹೊಸ ಪರದೆ ಡಿಸೈನ್ ಮಾಡುವ ಕೆಲಸ ನನಗೆ ಬಂತು. ಅಲ್ಲಿದ್ದದ್ದು ವಿಬಿ6 ಅನ್ನುವ ಹಳೇ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಸಾಫ್ಟ್‌ವೇರ್, ಓಡುತ್ತಿದ್ದದ್ದು ವಿಂಡೋಸ್ ಎಕ್ಸ್‌ಪಿ ಮೇಲೆ. ಎಕ್ಸ್‌ಪಿಗೆ 2014ರಲ್ಲೇ ಸಪೋರ್ಟ್ ನಿಂತಿದೆ. ಆ ಕಂಪ್ಯೂಟರ್ ಕೈಕೊಟ್ಟರೆ ಗತಿ ಏನು ಅನ್ನುವ ಭಯಕ್ಕೇ ಮಾಲೀಕರು ಒಪ್ಪಿದ್ದು, ಚೆಂದ ಕಾಣಲಿ ಅಂತಲ್ಲ.

ಶುರುವಿನಲ್ಲಿ ಆಪರೇಟರ್ ಪಕ್ಕ ಸುಮ್ನೆ ನಿಂತು ನೋಡಿದೆ. ಕಪ್ಪು ಹಿನ್ನೆಲೆ, ಕೆಂಪು ಹಸಿರು ಅಂಕಿಗಳು, ಸದಾ ಮಿನುಗುವ ಪಂಪ್ ಚಿತ್ರ. ಎಲ್ಲವೂ ಕೂಗಿದರೆ ಯಾವುದನ್ನು ಕೇಳುವುದು?

ಉಕ್ಕಿನ ಮೇಲ್ಪದರಕ್ಕೆ ಇಂಗಾಲ ಸೇರಿಸುವ ಕಾರ್ಬುರೈಸಿಂಗ್‌ಗೆ 920 ಡಿಗ್ರಿ ಸೆಟ್ ಮಾಡಿದ್ದಾರೆ ಅಂದುಕೊಳ್ಳಿ. ಪರದೆಯಲ್ಲಿ 870 ಅಂತ ಬಂದರೆ ಅದು ಸರಿಯೋ ತಪ್ಪೋ? ಈಗಷ್ಟೇ ತಣ್ಣಗಿನ ಜಾಬ್ (ಕಾಯಿಸಬೇಕಾದ ಭಾಗಗಳು) ಒಳಗೆ ಹಾಕಿದ್ದರೆ ಸರಿ. ಹಾಕಿ ತುಂಬಾ ಹೊತ್ತಾದರೂ ಇಳಿಯುತ್ತಲೇ ಇದ್ದರೆ ತೊಂದರೆ. ಬರೀ ಅಂಕಿ ಇದನ್ನು ಹೇಳುವುದಿಲ್ಲ. ಹಾಗಾಗಿ ಅಂಕಿಯ ಪಕ್ಕ ಕಳೆದ ಒಂದು ಗಂಟೆಯ ಏರಿಳಿತದ ಗೆರೆ ಎಳೆದೆ. ಇರಬೇಕಾದ ಮಿತಿಯನ್ನು ಹಿಂದೆ ತಿಳಿ ಪಟ್ಟಿಯಾಗಿ ತೋರಿಸಿದೆ. ಇನ್ನೊಂದು ವಿಷಯ: ಶಾಖ ಅಳೆಯುವ ಸೆನ್ಸರ್, ಅಂದರೆ ಥರ್ಮೋಕಪಲ್, ತುಂಡಾದರೆ ಅಲ್ಲಿನ ರೀಡಿಂಗ್ ಒಮ್ಮೆಲೇ ಮೇಲಿನ ತುದಿಗೆ ಹಾರುತ್ತಿತ್ತು. ಹಳಬರಿಗೆ ಅದರ ಅರ್ಥ ಗೊತ್ತು, ಹೊಸ ಹುಡುಗರು ಫರ್ನೇಸ್ ಕಾದುಹೋಯ್ತು ಅಂತ ಗಾಬರಿಯಾಗುತ್ತಿದ್ದರು. ಈಗ ಅಂಕಿಯ ಜಾಗದಲ್ಲಿ ‘ಸೆನ್ಸರ್ ಕಟ್’ ಅಂತಲೇ ಬರುತ್ತದೆ.

ಉಳಿದದ್ದೆಲ್ಲ ಬೂದು. ಬಣ್ಣ ಬರುವುದು ಅಲಾರಂ ಬಂದಾಗ ಮಾತ್ರ. ಇದು ನನ್ನ ಹುಚ್ಚಲ್ಲ, ಇಂಥ ಪರದೆಗಳಿಗಾಗಿ 2015ರಲ್ಲಿ ಬಂದ ಐಎಸ್‌ಎ-101 ಸ್ಟ್ಯಾಂಡರ್ಡ್ ಹಿಡಿದು ಮಾಡುವವರು ಸಾಮಾನ್ಯವಾಗಿ ಹೋಗುವ ದಾರಿಯೇ ಇದು. ಮಾಲೀಕರು ಮಾತ್ರ ‘ಏನ್ರೀ ಇದು, ಹಳೇ ಬ್ಲ್ಯಾಕ್ ಅಂಡ್ ವೈಟ್ ಟಿವಿ ಥರ ಇದೆ’ ಅಂದರು. ವಾದ ಮಾಡಲಿಲ್ಲ. ಎರಡೂ ಪರದೆಯಲ್ಲಿ ಒಂದೊಂದು ಅಲಾರಂ ಬರಿಸಿ, ದೂರದಲ್ಲಿ ನಿಂತು ಹುಡುಕಿ ಅಂದೆ. ಅಲ್ಲಿಗೆ ಮಾತು ಮುಗಿಯಿತು.

ಕನ್ನಡ ಹಾಕಿದಾಗ ಬೇರೆಯೇ ತಲೆನೋವು. ಬಟನ್‌ನ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಹೊಂದಿಕೊಂಡಿತ್ತು, ಒತ್ತಕ್ಷರ ಕೆಳಗೆ ಕತ್ತರಿಸಿ ‘ಎಣ್ಣೆ ಪಂಪ್’ ಹೋಗಿ ‘ಎಣೆ ಪಂಪ್’ ಆಗುತ್ತಿತ್ತು! ಸಾಲಿನ ಎತ್ತರ ಹೆಚ್ಚಿಸಿದೆ. ಹೇಗೂ ಗ್ಲೌಸ್ ಹಾಕಿದ ಕೈಗೆ ದೊಡ್ಡ ಬಟನ್ನೇ ಬೇಕು ಅಲ್ವಾ? ಚರ್ಮದ ಗ್ಲೌಸ್‌ಗೆ ಮೊಬೈಲ್ ಥರದ ಟಚ್ ಕೆಲಸ ಮಾಡುವುದಿಲ್ಲ, ಒತ್ತಿದರೆ ತಗೊಳ್ಳುವ ರೆಸಿಸ್ಟಿವ್ ಪ್ಯಾನೆಲ್ ತರಿಸಿದೆವು. ಎಮರ್ಜೆನ್ಸಿ ಸ್ಟಾಪ್ ಪರದೆಗೆ ಬರಲೇ ಇಲ್ಲ, ಅದು ವೈರ್ ಮಾಡಿದ ಕೆಂಪು ಗುಂಡಿಯಾಗಿಯೇ ಇರಬೇಕು. ಕೀಬೋರ್ಡ್‌ನ ಹಳೇ ಎಫ್-ಕೀಗಳನ್ನೂ (ಎಫ್1, ಎಫ್2 ಥರದವು) ಹಾಗೇ ಬಿಟ್ಟೆ. ವರ್ಷಗಟ್ಟಲೆ ಬೆರಳಿಗೆ ಕೂತ ಅಭ್ಯಾಸ ಕೆಡಿಸುವುದರಲ್ಲಿ ಯಾವ ಆಧುನಿಕತೆಯೂ ಇಲ್ಲ.

ಹೊಸ ಪರದೆ ಮೊದಲು ಫರ್ನೇಸ್ ನಡೆಸುವ ಕಂಟ್ರೋಲರ್ ಆದ ಪಿಎಲ್‌ಸಿಯಿಂದ ಓದುತ್ತಿತ್ತು ಅಷ್ಟೆ, ಆದೇಶ ಕೊಡುವಂತಿರಲಿಲ್ಲ. ಹಳೇದು, ಹೊಸದು ಎರಡರ ಅಂಕಿ ತಾಳೆಯಾದ ಮೇಲೆ ಒಂದೊಂದೇ ಫರ್ನೇಸ್ ಈ ಕಡೆ ತಂದೆವು. ಯಾವ ಜಾಬ್‌ಗೆ ಎಷ್ಟು ಶಾಖ, ಎಷ್ಟು ಹೊತ್ತು ಅನ್ನುವ ರೆಸಿಪಿಗಳು ಇನ್ನೂ ಹಳೇ ಆಕ್ಸೆಸ್ ಡೇಟಾಬೇಸ್ ಫೈಲ್‌ನಲ್ಲೇ ಇವೆ. ಮುಂದಿನ ಕೆಲಸ ಅದು.