ಹುಮ್ಮಸ್ಸು ಬರುವುದು ಎದ್ದ ಮೇಲೆ

ಅಲಾರಂ ಹೊಡೆದಾಗ ಎದ್ದೇಳುವ ಮನಸ್ಸು ಬರಲಿ ಎಂದು ಕಾಯುವುದನ್ನು ನಾನು ಬಿಟ್ಟಿದ್ದೇನೆ. ಆ ಹೊತ್ತಿನಲ್ಲಿ ಮನಸ್ಸು ಬರುವುದೇ ಇಲ್ಲ, ಬರಲಿ ಎಂದು ಬಯಸುವುದೂ ನ್ಯಾಯವಲ್ಲ. ಕಣ್ಣು ಬಿಟ್ಟ ಮಾತ್ರಕ್ಕೆ ಮಿದುಳು ಪೂರ್ತಿ ಎಚ್ಚರವಾಗಿರುವುದಿಲ್ಲ. ಸ್ಲೀಪ್ ಇನರ್ಷಿಯಾ ಎನ್ನುವ ಈ ಮಬ್ಬು ಸಾಮಾನ್ಯವಾಗಿ 15ರಿಂದ 30 ನಿಮಿಷ ಇರುತ್ತದೆ. ನಿದ್ದೆಗೆಟ್ಟವರಿಗೆ ಇನ್ನೂ ಹೆಚ್ಚು ಹೊತ್ತು. ಅಷ್ಟು ಹೊತ್ತೂ ಯೋಚನೆ, ನೆನಪು, ತೀರ್ಮಾನ ಎಲ್ಲವೂ ಮಂದ. ಸರಿಯಾಗಿ ಆಗಲೇ ನಾವು ‘ಎದ್ದು ಮಾಡುವುದಾದರೂ ಏನಿದೆ’ ಎಂಬ ದೊಡ್ಡ ಪ್ರಶ್ನೆ ಎತ್ತಿಕೊಂಡು ಕೂರುತ್ತೇವೆ. ಮಬ್ಬಿನಲ್ಲಿರುವ ಮಿದುಳು ಕೊಡುವ ಉತ್ತರ ಒಂದೇ: ಏನೂ ಇಲ್ಲ, ಮಲಗು.

ನಾನು ಮನೆಯಿಂದಲೇ ಕೆಲಸ ಮಾಡತೊಡಗಿದಾಗ ಇದು ಗಟ್ಟಿಯಾಗಿ ಅರಿವಿಗೆ ಬಂತು. ಎಷ್ಟು ಹೊತ್ತಿಗೆ ಎದ್ದೆ ಎಂದು ಕೇಳುವವರಿಲ್ಲ, ಹಿಡಿಯಬೇಕಾದ ಬಸ್ಸಿಲ್ಲ. ಮುಸುಕೆಳೆದು ಮಗ್ಗುಲು ಬದಲಿಸಿದರೆ ಯಾರಿಗೂ ನಷ್ಟವಿಲ್ಲ. ನನ್ನನ್ನು ಬೆಳಿಗ್ಗೆ ಎಬ್ಬಿಸುತ್ತಿದ್ದುದು ಹುಮ್ಮಸ್ಸಲ್ಲ, ಹೊರಗಿನ ಒತ್ತಡ ಎಂಬುದು ಆಗ ತಿಳಿಯಿತು. ಒತ್ತಡ ಹೋದ ಜಾಗದಲ್ಲಿ ಬೇರೆ ಏನನ್ನಾದರೂ ನಾನೇ ಕಟ್ಟಬೇಕಿತ್ತು.

ಮೊದಲು ಮಾಡಿದ್ದು, ತೀರ್ಮಾನವನ್ನು ಹಿಂದಿನ ರಾತ್ರಿಗೆ ತಳ್ಳಿದ್ದು. ‘ನಾಳೆ ಬೇಗ ಏಳುತ್ತೇನೆ’ ಎಂಬ ಸಂಕಲ್ಪಕ್ಕೆ ಬಲವಿಲ್ಲ. ‘ಅಲಾರಂ ಹೊಡೆದರೆ ಕಾಲು ನೆಲಕ್ಕಿಟ್ಟು ಕಿಟಕಿಯವರೆಗೆ ನಡೆಯುತ್ತೇನೆ’ ಎಂಬುದಕ್ಕಿದೆ. ‘ಇದಾದರೆ ಇದು’ ಎಂದು ಮೊದಲೇ ಗಂಟು ಹಾಕಿಡುವ ಈ ಕ್ರಮವನ್ನು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಸರ್ 1990ರ ದಶಕದಲ್ಲಿ ವಿವರವಾಗಿ ಅಧ್ಯಯನ ಮಾಡಿದರು. ನನಗೆ ಅದರಲ್ಲಿ ಹಿಡಿಸಿದ್ದು, ಬೆಳಿಗ್ಗೆ ಚರ್ಚೆಗೆ ಜಾಗವೇ ಉಳಿಯದಿರುವುದು. ಕಿಟಕಿಯವರೆಗೆ ನಡೆಯುವುದಕ್ಕೆ ಹುಮ್ಮಸ್ಸು ಬೇಡ, ಕಾಲು ಸಾಕು. ಫೋನನ್ನು ಕೋಣೆಯ ಆ ತುದಿಗೆ ಇಟ್ಟಿದ್ದೂ ಇದಕ್ಕಾಗಿಯೇ.

ಕಿಟಕಿಯೇ ಏಕೆ ಎಂದರೆ ಬೆಳಕಿಗಾಗಿ. ನನ್ನ ಅನುಭವದಲ್ಲಿ ಬೇರೆಲ್ಲ ಉಪಾಯಗಳಿಗಿಂತ ಹೆಚ್ಚು ಕೆಲಸ ಮಾಡಿದ್ದು ಇದು. ನಮ್ಮ ದೇಹದ ಗಡಿಯಾರ ಇರುವುದು ಮಿದುಳಿನ ಹೈಪೋಥಲಾಮಸ್ ಎಂಬ ಭಾಗದ ಒಂದು ಪುಟ್ಟ ನರಕೋಶಗಳ ಗುಂಪಿನಲ್ಲಿ. ಅದರ ದಿನ ಸರಾಸರಿ 24 ಗಂಟೆಗಿಂತ ತುಸು ಉದ್ದ. ಹಾಗೇ ಬಿಟ್ಟರೆ ಹೆಚ್ಚಿನವರಲ್ಲಿ ಅದು ದಿನದಿನಕ್ಕೂ ಸ್ವಲ್ಪಸ್ವಲ್ಪವೇ ಹಿಂದೆ ಬೀಳುತ್ತದೆ. ಅದನ್ನು ದಿನವೂ ಎಳೆದು ಸರಿಪಡಿಸುವುದು ಮುಖ್ಯವಾಗಿ ಕಣ್ಣಿಗೆ ಬೀಳುವ ಬೆಳಗಿನ ಬೆಳಕು. ಬೆಳಕಿನ ಪ್ರಖರತೆಯನ್ನು ಅಳೆಯುವುದು ಲಕ್ಸ್‌ನಲ್ಲಿ; ಕೋಣೆಯ ದೀಪ ಕೊಡುವುದು ಕೆಲವು ನೂರು ಲಕ್ಸ್ ಮಾತ್ರ. ಮೋಡ ಕವಿದಿದ್ದರೂ ಹಗಲು ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಹೀಗಾಗಿ ನಾನು ಪರದೆ ಸರಿಸುವಷ್ಟಕ್ಕೆ ನಿಲ್ಲಿಸದೆ ಹೊರಗೆ ಹೋಗಿ ನಿಲ್ಲುತ್ತೇನೆ. ಮೊದಲ ದಿನಗಳಲ್ಲಿ ಏನೂ ಅನಿಸಲಿಲ್ಲ. ಕ್ರಮೇಣ ರಾತ್ರಿ ನಿದ್ದೆ ಬೇಗ ಬರತೊಡಗಿತು, ಬೆಳಗಿನ ಮಬ್ಬು ಬೇಗ ಹರಿಯತೊಡಗಿತು. ಬೆಳಗಿನ ಕಷ್ಟದ ಅರ್ಧ ಪರಿಹಾರ ರಾತ್ರಿಯಲ್ಲೇ ಇದೆ ಎಂದು ನಂಬಿರುವುದು ಇದರಿಂದಲೇ. ಮಧ್ಯಾಹ್ನದ ನಂತರ ಕಾಫಿ ಕುಡಿಯುವುದಿಲ್ಲ, ಏಕೆಂದರೆ ಕುಡಿದ ಕೆಫೀನ್‌ನ ಅರ್ಧದಷ್ಟು ಸುಮಾರು ಐದು ಗಂಟೆಯಾದರೂ ದೇಹದಲ್ಲೇ ಇರುತ್ತದೆ. ರಜೆಯ ದಿನವೂ ಏಳುವ ಹೊತ್ತನ್ನು ಹೆಚ್ಚು ಬದಲಿಸುವುದಿಲ್ಲ.

ಬೆಳಗಿನ ಐದಕ್ಕೇ ಏಳಬೇಕೆಂಬ ಹಟ ಮಾತ್ರ ನನಗೆ ಒಪ್ಪಿಗೆಯಿಲ್ಲ. ಕೆಲವರ ಗಡಿಯಾರ ಹುಟ್ಟಿನಿಂದಲೇ ತಡವಾಗಿ ಓಡುತ್ತದೆ, ಹದಿಹರೆಯದಲ್ಲಂತೂ ಅದು ಹೆಚ್ಚಿನವರಲ್ಲಿ ತಡವಾಗುತ್ತದೆ. ಅಂಥವರನ್ನು ಸೋಮಾರಿಗಳು ಎನ್ನುವುದು ಕ್ರೂರ. ವಯಸ್ಕರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಅದನ್ನು ಕತ್ತರಿಸಿ ಗಳಿಸಿದ ಬೆಳಗು ನನಗೆ ಬೇಡ.

ಇಷ್ಟಾದರೂ ಎದ್ದ ಮೇಲೆ ಏನು ಎಂಬ ಪ್ರಶ್ನೆ ಉಳಿದೇ ಇತ್ತು. ಕಣ್ಣು ಬಿಟ್ಟ ಕೂಡಲೇ ಎದುರಿಗೆ ಬರುವುದು ಇಮೇಲು, ಬಾಕಿ ಕೆಲಸ, ಯಾರದೋ ಬೇಡಿಕೆ ಎಂದಾದರೆ ಹಾಸಿಗೆಯೇ ಹಿತ ಎನಿಸುವುದು ಸಹಜ. ನಾನು ಚಿತ್ರ ಬಿಡಿಸುತ್ತೇನೆ, ಯಾರಿಗೂ ತೋರಿಸಲಿಕ್ಕಲ್ಲ. ಬೆಳಗಿನ ಮೊದಲ ಅರ್ಧ ಗಂಟೆಯನ್ನು ಅದಕ್ಕೆ ಕೊಟ್ಟೆ. ಒಂದು ಅಭ್ಯಾಸ ವಿಶೇಷವಾಗಿ ಕೈಹಿಡಿಯಿತು: ರಾತ್ರಿ ಚಿತ್ರವನ್ನು ಮುಗಿಸದೆ, ಮುಂದಿನ ಗೆರೆ ಎಲ್ಲಿ ಬರಬೇಕೆಂದು ಗೊತ್ತಿರುವಾಗಲೇ ಪೆನ್ಸಿಲ್ ಕೆಳಗಿಡುವುದು. ಬೆಳಿಗ್ಗೆ ಖಾಲಿ ಹಾಳೆ ಹೆದರಿಸುತ್ತದೆ. ಅರ್ಧ ಬಿಟ್ಟ ಗೆರೆ ಕರೆಯುತ್ತದೆ. ನಿಮಗೆ ಅದು ಹೊಲಿಗೆಯಿರಬಹುದು, ಓದಿನ ನಡುವೆ ನಿಲ್ಲಿಸಿದ ಅಧ್ಯಾಯವಿರಬಹುದು. ನಿಮ್ಮದೇ ಆಗಿರಬೇಕು, ಅಷ್ಟೆ.

ಕ್ರಿಯೆ ಮೊದಲು, ಮನಸ್ಥಿತಿ ಆಮೇಲೆ ಎಂಬ ಈ ದಾರಿ ನಾನು ಕಂಡುಹಿಡಿದದ್ದಲ್ಲ. ಖಿನ್ನತೆಯ ಚಿಕಿತ್ಸೆಯಲ್ಲಿ ಬಿಹೇವಿಯರಲ್ ಆ್ಯಕ್ಟಿವೇಶನ್ ಎಂಬ ಪದ್ಧತಿ ನಿಂತಿರುವುದೇ ಇದರ ಮೇಲೆ. 1970ರ ದಶಕದಲ್ಲಿ ಪೀಟರ್ ಲೆವಿನ್ಸನ್ ಮತ್ತಿತರರು ಅದಕ್ಕೆ ಅಡಿಪಾಯ ಹಾಕಿದರು. ಹಾಗೆಂದು ಹಾಸಿಗೆ ಬಿಡಲಾಗದ ಎಲ್ಲರಿಗೂ ಇಂಥ ಉಪಾಯ ಸಾಕಾಗುವುದಿಲ್ಲ. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿಯಿಲ್ಲದೆ ಮನಸ್ಸು ಕುಗ್ಗಿದ್ದರೆ, ಬದುಕೇ ಬೇಡ ಎನಿಸಿದರೆ ಒಂದು ದಿನವೂ ಕಾಯದೆ, ವೈದ್ಯರ ಬಳಿ ಹೋಗಿ. ಸಾಕಷ್ಟು ಮಲಗಿದರೂ ಸುಸ್ತು ಬಿಡದಿದ್ದರೆ ರಕ್ತಹೀನತೆ, ಥೈರಾಯ್ಡ್ ಕೊರತೆ, ಗೊರಕೆಯ ಜತೆ ಉಸಿರು ಕಟ್ಟುವ ಸ್ಲೀಪ್ ಆ್ಯಪ್ನಿಯಾ ಇವೆಯೇ ಎಂದು ನೋಡಿಸಿಕೊಳ್ಳಬೇಕು. ಇವಕ್ಕೆಲ್ಲ ಚಿಕಿತ್ಸೆಯಿದೆ.

ನನಗೂ ಭಾರವಾದ ಬೆಳಗುಗಳು ಈಗಲೂ ಬರುತ್ತವೆ. ಅಂಥ ದಿನ ಚಿತ್ರ ಬೇಡ, ನಡಿಗೆ ಬೇಡ. ಎದ್ದು ಮುಖ ತೊಳೆದು, ಹೊರಗಿನ ಬೆಳಕಿನಲ್ಲಿ ಹತ್ತು ನಿಮಿಷ ಕೂರುವುದು, ಅಷ್ಟನ್ನೇ ಇಟ್ಟುಕೊಂಡಿದ್ದೇನೆ. ಆಮೇಲೂ ಮಲಗಬೇಕು ಎನಿಸಿದರೆ ಮಲಗಲು ನನಗೆ ಅನುಮತಿ ಇದೆ. ಹೆಚ್ಚಿನ ಸಲ ಅದರ ಅಗತ್ಯ ಬೀಳುವುದಿಲ್ಲ.