ಎತ್ತಿ ಕೂರಿಸಬೇಡಿ: ಜರ್ಮನಿಯಲ್ಲಿ ಪುಟ್ಟ ಮಗುವಿನ ಜೊತೆ ಆಟಕ್ಕೆ ಹೊರಟವರಿಗೆ

ನಾವು ಮ್ಯೂನಿಕ್‌ಗೆ ಬಂದ ಹೊಸತು. ಮಗನಿಗೆ ಆಗ ಒಂದೂಮುಕ್ಕಾಲು ವರ್ಷ. ಮನೆ ಹಿಂದಿನ ಆಟದ ಜಾಗದಲ್ಲಿ ಏಣಿ ಹತ್ತಿ ಹೋಗುವಂಥ ಒಂದು ಮರದ ಗೂಡಿತ್ತು. ಅವನು ಕೆಳಗೆ ನಿಂತು ಕೈ ಚಾಚಿದ. ನಾನು ಎತ್ತಿ ಮೇಲೆ ಕೂರಿಸಿದೆ. ಎರಡೇ ನಿಮಿಷ, ಇಳಿಯೋಕೆ ಬಾರದೆ ಅಳು ಶುರು. ಇಳಿಸಿದೆ. ಮತ್ತೆ ಎತ್ತು ಅಂದ. ಮತ್ತೆ ಎತ್ತಿದೆ. ಬೆಂಚಿನ ಮೇಲೆ ಕೂತಿದ್ದ ಅಜ್ಜಿಯೊಬ್ಬರು ನೋಡಿ ನೋಡಿ ಕೊನೆಗೆ ಹೇಳಿಯೇಬಿಟ್ಟರು: ತಾನಾಗಿ ಹತ್ತೋಕೆ ಆಗದ ಜಾಗ ಅವನಿಗಿನ್ನೂ ಬೇಡ.

ನನಗೆ ಸಿಟ್ಟು ಬಂತು. ಇವರಿಗ್ಯಾಕೆ ಊರ ಉಸಾಬರಿ ಅಂದುಕೊಂಡೆ. ಅವರು ಹೇಳಿದ್ದು ಬರೀ ಅವರ ಅಭಿಪ್ರಾಯವಲ್ಲ, ಆ ಏಣಿಯನ್ನು ಕಟ್ಟಿರುವ ರೀತಿಯೇ ಹಾಗೆ ಅಂತ ಗೊತ್ತಾಗೋಕೆ ನನಗೆ ಒಂದು ವರ್ಷ ಬೇಕಾಯಿತು.

ಇಲ್ಲಿ ಆಟದ ಜಾಗಕ್ಕೆ ಶ್ಪೀಲ್‌ಪ್ಲಾಟ್ಸ್ ಅನ್ನುತ್ತಾರೆ. ಅಲ್ಲಿನ ಜಾರುಬಂಡೆ, ಉಯ್ಯಾಲೆ, ಏಣಿಗಳನ್ನು ಇಎನ್ 1176 ಅನ್ನುವ ಯುರೋಪಿನ ಮಾನದಂಡದ ಪ್ರಕಾರ ಮಾಡಿರುತ್ತಾರೆ. ಮಗು ಬೀಳಬಹುದಾದ ಎತ್ತರ 3 ಮೀಟರ್ ದಾಟುವಂತಿಲ್ಲ. ಎತ್ತರ ಇದ್ದಲ್ಲಿ ಕೆಳಗೆ ಮರಳು, ಮರದ ಚಕ್ಕೆ ಅಥವಾ ಮೆತ್ತನೆ ರಬ್ಬರ್ ಇರಬೇಕು. ನನಗೆ ಇಷ್ಟವಾದದ್ದು ಇನ್ನೊಂದು ಉಪಾಯ. ತೀರಾ ಚಿಕ್ಕ ಮಕ್ಕಳು ಹೋಗಬಾರದ ಕಡೆ ಬೋರ್ಡು ಹಾಕಿ ಕೈತೊಳೆದುಕೊಳ್ಳುವುದಿಲ್ಲ. ಏಣಿಯ ಮೊದಲ ಮೆಟ್ಟಿಲನ್ನೇ ಬೇಕಂತ ಎತ್ತರದಲ್ಲಿ ಇಡುತ್ತಾರೆ. ಅದಕ್ಕೆ ಕಾಲು ಎಟುಕಿದರೆ ಮೇಲೆ ಹೋಗುವ ವಯಸ್ಸಾಗಿದೆ ಅಂತ ಲೆಕ್ಕ. ಅಂದರೆ ಆ ಮೊದಲ ಮೆಟ್ಟಿಲೇ ಬಾಗಿಲು ಕಾಯುವವನು. ನಾವು ಮಗುವನ್ನು ಎತ್ತಿ ಮೇಲೆ ಕೂರಿಸಿದಾಗ ಅವನ ಕಣ್ಣು ತಪ್ಪಿಸಿ ಒಳಗೆ ಬಿಟ್ಟ ಹಾಗಾಯಿತು.

ಹಾಗಂತ ಬೆಂಚಿನಲ್ಲಿ ಕೂತು ಫೋನ್ ನೋಡಿ ಅಂತಲ್ಲ. ನೋಡಿಕೊಳ್ಳುವ ಹೊಣೆ ಕಾನೂನಿನ ಪ್ರಕಾರ ಅಪ್ಪ ಅಮ್ಮಂದೇ. ಮಗು ಹತ್ತುವಾಗ ಒಂದು ಕೈಯಳತೆ ದೂರದಲ್ಲಿ ನಿಲ್ಲಿ, ಮುಟ್ಟಬೇಡಿ, ಅಷ್ಟೇ. ಮೊದಮೊದಲು ಕೈ ತುರಿಸುತ್ತದೆ. "ಬಿದ್ದೀಯಾ, ಬಿದ್ದೀಯಾ" ಅಂತ ಬಾಯಿಗೆ ಬರುತ್ತದೆ. ಅದರ ಬದಲು "ಎಡಗಾಲು ಎಲ್ಲಿಡ್ತೀಯ?" ಅಂತ ಕೇಳಿ ನೋಡಿ. ನನ್ನ ಮಗ ಎಡ ಬಲ ಕಲಿತದ್ದೇ ಹಾಗೆ, ಅದೂ ಕನ್ನಡದಲ್ಲಿ.

ಈಗ ನಮ್ಮವರಿಗೆ ಮಾತ್ರ ಬೇಕಾದ ಮಾತು. ಕೊರಳಲ್ಲಿ ಏನೂ ಇರಬಾರದು. ದೃಷ್ಟಿಯಾಗದಿರಲಿ ಅಂತ ಕಟ್ಟಿದ ಕಪ್ಪು ದಾರ, ತಾಯಿತ, ಅಜ್ಜಿ ಹಾಕಿದ ಚಿನ್ನದ ಸರ, ಎಲ್ಲ ಮನೆಯಲ್ಲೇ ಬಿಚ್ಚಿಡಿ. ಜಾರುಬಂಡೆಯ ಮೇಲ್ತುದಿಯ ಸಂದಿಗೆ ದಾರ ಸಿಕ್ಕಿ ಮಗು ಜಾರಿತು ಅಂದರೆ ಇಡೀ ಮೈಭಾರ ಕುತ್ತಿಗೆಯ ಮೇಲೆ. ಸ್ಕಾರ್ಫಿಗೂ ಟೋಪಿಯ ದಾರಕ್ಕೂ ಇದೇ ಮಾತು. ಸೈಕಲ್ ಹೆಲ್ಮೆಟ್ ಇನ್ನೂ ಅಪಾಯ. ಅದು ತಲೆ ಉಳಿಸುತ್ತದೆ ಅಂತ ನಾವು ತೆಗೆಯುವುದೇ ಇಲ್ಲ. ಆದರೆ ಮೈ ತೂರುವ ಸಂದಿಯಲ್ಲಿ ಹೆಲ್ಮೆಟ್ ತೂರುವುದಿಲ್ಲ, ಮಗು ಪಟ್ಟಿಯಲ್ಲಿ ನೇತಾಡುತ್ತದೆ. ಅದಕ್ಕೇ ಸೈಕಲ್ ಇಳಿದ ತಕ್ಷಣ ಹೆಲ್ಮೆಟ್ ತೆಗೆಯಬೇಕು ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಅಮ್ಮ ಊರಿಂದ ಬಂದಿದ್ದಾಗ ಈ ದಾರದ ವಿಷಯಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ಕೊನೆಗೆ ರಾಜಿಯಾಗಿ ದಾರ ಕೊರಳಿಂದ ಸ್ಟ್ರಾಲರ್ ಹಿಡಿಗೆ ಹೋಯಿತು. ದೃಷ್ಟಿ ಅಲ್ಲಿಗೂ ತಟ್ಟುವುದಿಲ್ಲವಂತೆ.

ಬಟ್ಟೆಗೆ ಬರೋಣ. ಮಳೆ ಬಂತು ಅಂತ ಇಲ್ಲಿ ಯಾರೂ ಮಗುವನ್ನು ಒಳಗೆ ಕೂರಿಸುವುದಿಲ್ಲ. ಕೆಟ್ಟ ಹವೆ ಅಂತ ಇಲ್ಲ, ಸರಿಯಿಲ್ಲದ ಬಟ್ಟೆ ಅಂತ ಇದೆ ಅನ್ನುವ ಮಾತನ್ನು ನೀವು ವಾರಕ್ಕೊಮ್ಮೆಯಾದರೂ ಕೇಳುತ್ತೀರಿ. ಮಾಚ್‌ಹೋಸೆ ಅಂತ ಸಿಗುತ್ತದೆ. ಕೆಸರಿನ ಚಡ್ಡಿ ಅನ್ನಿ. ಎದೆಯವರೆಗೆ ಬರುವ, ಭುಜಕ್ಕೆ ಪಟ್ಟಿಯಿರುವ, ನೀರು ಇಳಿಯದ ಪ್ಯಾಂಟು. ಅದೂ ರಬ್ಬರ್ ಬೂಟೂ ಇದ್ದರೆ ಅಕ್ಟೋಬರಿಂದ ಏಪ್ರಿಲ್‌ವರೆಗೆ ನಿಶ್ಚಿಂತೆ. ಹೊಸದು ಕೊಳ್ಳಬೇಡಿ, ಆರು ತಿಂಗಳಿಗೆ ಚಿಕ್ಕದಾಗುತ್ತದೆ. ವಸಂತದಲ್ಲೂ ಶರತ್ಕಾಲದಲ್ಲೂ ಚರ್ಚ್ ಸಭಾಂಗಣಗಳಲ್ಲಿ, ಕೀಟಾ ಅನ್ನುವ ಶಿಶುವಿಹಾರಗಳಲ್ಲಿ ಮಕ್ಕಳ ಹಳೇ ಬಟ್ಟೆಯ ಸಂತೆ ನಡೆಯುತ್ತದೆ. ಎಲ್ಲ ಅಳತೆ ಪ್ರಕಾರ ಜೋಡಿಸಿಟ್ಟಿರುತ್ತಾರೆ. ಬಸುರಿಯರನ್ನು ಎಷ್ಟೋ ಕಡೆ ಅರ್ಧ ಗಂಟೆ ಮುಂಚೆಯೇ ಒಳಗೆ ಬಿಡುತ್ತಾರೆ. ಅಳತೆ ಅಂದರೆ ವಯಸ್ಸಲ್ಲ, ಮಗುವಿನ ಎತ್ತರ ಸೆಂಟಿಮೀಟರಿನಲ್ಲಿ: 86, 92, 98 ಹೀಗೆ. ಚಳಿಗಾಲದಲ್ಲಿ ದಪ್ಪನೆಯ ಒಂದು ಜಾಕೆಟ್‌ಗಿಂತ ಈರುಳ್ಳಿ ಹಾಗೆ ಪದರ ಪದರ ಹಾಕಿ. ಕಾರಿನಲ್ಲಿ ಕೂರಿಸುವಾಗ ಜಾಕೆಟ್ ತೆಗೆದೇ ಬೆಲ್ಟ್ ಹಾಕಿ, ಇಲ್ಲದಿದ್ದರೆ ಬೆಲ್ಟ್ ಬಿಗಿಯಾಗಿದೆ ಅನ್ನಿಸುತ್ತದೆ, ಆಗಿರುವುದಿಲ್ಲ. ಅಂದ ಹಾಗೆ, 12 ವರ್ಷ ತುಂಬುವವರೆಗೆ ಅಥವಾ 150 ಸೆಂಟಿಮೀಟರ್ ಎತ್ತರ ಆಗುವವರೆಗೆ ಕಾರಿನಲ್ಲಿ ಮಕ್ಕಳ ಸೀಟು ಬೇಕೇ ಬೇಕು. ಮಡಿಲಲ್ಲಿ ಕೂರಿಸಿಕೊಳ್ಳುವ ಮಾತೇ ಇಲ್ಲ.

ಮರಳಿನ ಗುಂಡಿಗೂ ಒಂದು ಮರ್ಯಾದೆ ಇದೆ. ಬಕೆಟ್ಟು, ಸಲಿಕೆ ಎಲ್ಲರದೂ ಒಂದು ರಾಶಿಯಲ್ಲಿ ಬಿದ್ದಿರುತ್ತವೆ. ಆಡುವಾಗ ಯಾರ ಮಗು ಯಾರದ್ದು ತೆಗೆದುಕೊಂಡರೂ ಹೆಚ್ಚಿನವರು ಏನೂ ಅನ್ನುವುದಿಲ್ಲ. ಹೊರಡುವಾಗ ಅವರವರದ್ದು ಅವರಿಗೆ. ನಿಮ್ಮದರ ಅಡಿಯಲ್ಲಿ ಕನ್ನಡದಲ್ಲಿ ಹೆಸರು ಬರೆದುಬಿಡಿ, ಜಗಳವೇ ಇಲ್ಲ. ಮಕ್ಕಳು ಕಿತ್ತಾಡಿದರೆ ನಾವು ಓಡಿಹೋಗಿ "ಪಾಪು ಅಲ್ವಾ, ಕೊಡು ಕಂದಾ" ಅಂತೇವೆ. ಇಲ್ಲಿನವರು ಸ್ವಲ್ಪ ಕಾಯುತ್ತಾರೆ. ಕೈಯೆತ್ತಿದರೆ ಮಾತ್ರ ಮಧ್ಯೆ ಬರುತ್ತಾರೆ. ಇದರಲ್ಲಿ ನಾನಿನ್ನೂ ಪಾಸಾಗಿಲ್ಲ.

ಬೇರೆಯವರ ಮಗುವಿನ ಕೆನ್ನೆ ಹಿಂಡಬೇಡಿ, ಕೇಳದೆ ಬಿಸ್ಕತ್ತು ಕೊಡಬೇಡಿ. ಫೋಟೊ ತೆಗೆಯುವಾಗ ಚೌಕಟ್ಟಿನಲ್ಲಿ ಬೇರೆ ಮಕ್ಕಳಿದ್ದರೆ ಅದನ್ನು ಎಲ್ಲೂ ಹಾಕಬೇಡಿ. ಬೇಸಿಗೆಯಲ್ಲಿ ನೀರಾಟದ ಜಾಗದಲ್ಲಿ ಪುಟ್ಟ ಮಕ್ಕಳು ಬರಿಮೈಯಲ್ಲಿ ಓಡಾಡುತ್ತವೆ, ಅಲ್ಲಂತೂ ಫೋನ್ ಚೀಲದಲ್ಲೇ ಇರಲಿ.

ಹೊತ್ತಿನ ಲೆಕ್ಕ ನಮಗೆ ಅರ್ಥವಾಗೋದು ತಡ. ಸಂಜೆ ಐದೂವರೆಯ ಬಿಸಿಲು ಇನ್ನೂ ಹಾಗೇ ಇರುತ್ತದೆ, ಆಟದ ಜಾಗ ಖಾಲಿಯಾಗತೊಡಗುತ್ತದೆ. ಆರಕ್ಕೆಲ್ಲ ಬ್ರೆಡ್ಡಿನ ಊಟ, ಏಳೂವರೆಗೆ ಮಕ್ಕಳು ನಿದ್ದೆ. ರಾತ್ರಿ ಹತ್ತಕ್ಕೆ ಮಲಗುವ ನಮ್ಮ ಮನೆಗಳ ಮಕ್ಕಳು ಆಗ ತಾನೇ ಬಿಸಿಯಾಗಿರುತ್ತಾರೆ, ಜೊತೆಗಾರರೇ ಇಲ್ಲ. ಮಗುವಿಗೆ ಗೆಳೆಯರು ಬೇಕು ಅಂದರೆ ಮೂರೂವರೆಯಿಂದ ಐದರ ಮಧ್ಯೆ ಹೋಗಿ, ಕೀಟಾ ಬಿಟ್ಟು ಎಲ್ಲರೂ ಬರುವ ಹೊತ್ತದು.

ಕೀಟಾ ಅಂದೆ. ಇಲ್ಲಿ ಒಂದು ವರ್ಷ ತುಂಬಿದ ಮಗುವಿಗೆ ಹಗಲು ನೋಡಿಕೊಳ್ಳುವ ಜಾಗ ಸಿಗಬೇಕು ಅನ್ನೋದು 2013ರ ಆಗಸ್ಟ್‌ನಿಂದ ಕಾನೂನಿನ ಹಕ್ಕು. ಹಕ್ಕು ಇದೆ, ಜಾಗ ಇಲ್ಲ ಅನ್ನೋದು ದೊಡ್ಡ ಊರುಗಳ ಗೋಳು, ಅದು ಬೇರೆ ಕಥೆ. ಆದರೆ ಮೂರು ವರ್ಷದ ಮಗುವಿಗೆ ಅಲ್ಲಿ ಏನು ಕಲಿಸುತ್ತಾರೆ ಅಂತ ಊರಿಂದ ಫೋನ್ ಬರುತ್ತಲ್ವಾ? ಆಟ ಆಡಿಸುತ್ತಾರೆ ಅಂತ ಹೇಳಿ. ನಮ್ಮ ಎಲ್‌ಕೆಜಿ, ಯುಕೆಜಿಯೊಳಗಿನ ಕೆಜಿ ಹುಟ್ಟಿದ್ದು ಇದೇ ದೇಶದಲ್ಲಿ. ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ ಅನ್ನುವ ಹೆಸರನ್ನು ಫ್ರೀಡ್ರಿಶ್ ಫ್ರ್ಯೋಬೆಲ್ ಇಟ್ಟದ್ದು 1840ರಲ್ಲಿ. ಆ ಹೆಸರು ನಮ್ಮಲ್ಲಿಗೆ ಬರುವ ದಾರಿಯಲ್ಲಿ ತೋಟ ಬಿದ್ದುಹೋಯಿತು, ಹೋಂವರ್ಕ್ ಸೇರಿಕೊಂಡಿತು.

ಕೀಟಾ ಸಿಗುವವರೆಗೆ, ಅಥವಾ ನವೆಂಬರಿನ ಕತ್ತಲೆಯಲ್ಲಿ, ಎರಡು ಜಾಗ ನೆನಪಿಡಿ. ಒಂದು ಊರಿನ ಗ್ರಂಥಾಲಯ. ಮಕ್ಕಳ ಮೂಲೆಯಲ್ಲಿ ದಿಂಬು ಹಾಕಿರುತ್ತಾರೆ, ಎಷ್ಟೋ ಕಡೆ ವಾರಕ್ಕೊಮ್ಮೆ ಚಿತ್ರ ತೋರಿಸಿ ಕಥೆ ಹೇಳುತ್ತಾರೆ. ಎರಡನೆಯದು ನಿಮ್ಮ ಬಡಾವಣೆಯ ಫೆರೈನ್, ಅಂದರೆ ಕ್ರೀಡಾ ಸಂಘ. ಅಲ್ಲಿ ಎಲ್ಟರ್ನ್-ಕಿಂಡ್-ಟುರ್ನೆನ್ ಅಂತ ನಡೆಯುತ್ತದೆ. ನಡೆಯೋಕೆ ಕಲಿತ ಮಕ್ಕಳು ಅಪ್ಪನ ಅಥವಾ ಅಮ್ಮನ ಜೊತೆ ಬಂದು ದೊಡ್ಡ ಜಿಮ್ನಾಸ್ಟಿಕ್ಸ್ ಹಾಲಿನಲ್ಲಿ ಹತ್ತುವುದು, ಉರುಳುವುದು, ನೇತಾಡುವುದು. ಖಾಸಗಿ ಕ್ಲಾಸಿಗಿಂತ ತುಂಬ ಅಗ್ಗ. ಮೊದಲ ತರಗತಿಗೆ ಸುಮ್ನೆ ಹೋಗಿ ನೋಡಬಹುದು, ಅದಕ್ಕೆ ಶ್ನುಪ್ಪರ್‌ಶ್ಟುಂಡೆ ಅನ್ನುತ್ತಾರೆ, ಮೂಸಿ ನೋಡುವ ತರಗತಿ. ಒಂದೇ ಎಚ್ಚರ: ಸದಸ್ಯತ್ವ ಬಿಡಬೇಕಾದರೆ ಮುಂಚೆಯೇ ಬರೆದು ಕೊಡಬೇಕು, ಇಲ್ಲದಿದ್ದರೆ ತಾನಾಗಿ ಮುಂದುವರಿಯುತ್ತದೆ. ಅರ್ಜಿಯಲ್ಲಿರುವ ಆ ತಾರೀಖನ್ನು ಅವತ್ತೇ ಕ್ಯಾಲೆಂಡರಿಗೆ ಹಾಕಿ. ನಾವು ಹಾಕದೆ ಒಂದು ವರ್ಷ ದುಡ್ಡು ಕಟ್ಟಿದೆವು.

ಹೋಗಿ ಬರುವುದು ಕಷ್ಟವಿಲ್ಲ. ಆರು ವರ್ಷದೊಳಗಿನ ಮಕ್ಕಳಿಗೆ ಬಸ್ಸು, ಟ್ರಾಮು, ರೈಲಿನಲ್ಲಿ ಟಿಕೆಟ್ ಇಲ್ಲ. ಸ್ಟ್ರಾಲರ್ ಇದ್ದರೆ ಬಸ್ಸಿನ ನಡುವಿನ ಬಾಗಿಲಿಂದ ಹತ್ತಿ, ಬ್ರೇಕ್ ಹಾಕಿ, ಹಿಡಿದೂ ನಿಲ್ಲಿ. ನಿಲ್ದಾಣದ ಲಿಫ್ಟ್ ಕೆಟ್ಟಿದ್ದರೆ, ಕೆಟ್ಟಿರುತ್ತದೆ ಅಂತಲೇ ಇಟ್ಟುಕೊಳ್ಳಿ, ಮೆಟ್ಟಿಲ ಬುಡದಲ್ಲಿ ನಿಂತು ಯಾರನ್ನಾದರೂ ನೇರವಾಗಿ ಕೇಳಿ. ತಾವಾಗಿ ಬರೋಕೆ ಸಂಕೋಚ ಪಡುವವರೂ ಕೇಳಿದ ತಕ್ಷಣ ಮುಂದಿನ ಚಕ್ರ ಹಿಡಿಯುತ್ತಾರೆ. ಡಯಪರ್ ಬದಲಿಸಬೇಕಾದರೆ ಹತ್ತಿರದ ಡಿಎಂ ಅಂಗಡಿ ಹುಡುಕಿ. ಹಲವು ಶಾಖೆಗಳಲ್ಲಿ ಅದಕ್ಕೊಂದು ಮೇಜು ಇಟ್ಟು, ಡಯಪರ್ರನ್ನೂ ಒರೆಸುವ ಬಟ್ಟೆಯನ್ನೂ ಪುಕ್ಕಟೆ ಇಟ್ಟಿರುತ್ತಾರೆ. ಶ್ಪೀಲ್‌ಪ್ಲಾಟ್ಸ್‌ಗಳಲ್ಲಿ ಮಾತ್ರ ಟಾಯ್ಲೆಟ್ ಅಪರೂಪ.

ಕಾಡು, ಹುಲ್ಲುಗಾವಲಿಗೆ ಹೋದರೆ ಉಣ್ಣೆ ಹುಳದ ಚಿಂತೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಉಣ್ಣೆಯಿಂದ ಹರಡುವ ಎಫ್‌ಎಸ್‌ಎಂಇ ಅನ್ನುವ ಮಿದುಳು ಜ್ವರದ ವೈರಸ್ಸೂ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ನಮ್ಮ ಮಂಗನ ಕಾಯಿಲೆಯ ವೈರಸ್ಸೂ ಹತ್ತಿರದ ನೆಂಟರು. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ ಬಹುತೇಕ ಜಿಲ್ಲೆಗಳು ಅಪಾಯದ ಪಟ್ಟಿಯಲ್ಲಿವೆ. ಒಂದು ವರ್ಷ ತುಂಬಿದ ಮೇಲೆ ಲಸಿಕೆ ಹಾಕಿಸಬಹುದು, ಮೂರು ಡೋಸು. ಮಕ್ಕಳ ಡಾಕ್ಟರನ್ನು ಕೇಳಿ. ಮನೆಗೆ ಬಂದ ಮೇಲೆ ಸ್ನಾನ ಮಾಡಿಸುವಾಗ ಮೊಣಕಾಲ ಹಿಂದೆ, ಕಂಕುಳು, ಕಿವಿಯ ಹಿಂದೆ, ಕೂದಲ ಅಂಚು, ಎಲ್ಲ ತಡವಿ ನೋಡಿ. ಉಣ್ಣೆ ಕಂಡರೆ ಎಣ್ಣೆ ಸುರಿಯಬೇಡಿ, ಸುಡಬೇಡಿ. ಚರ್ಮದ ಹತ್ತಿರ ಚಿಮುಟದಲ್ಲಿ ಹಿಡಿದು ನಿಧಾನ ಎಳೆಯಿರಿ.

ಭಾನುವಾರ ಅಂಗಡಿಗಳೆಲ್ಲ ಬಾಗಿಲು. ಹಾಲು, ಡಯಪರ್, ಬಾಳೆಹಣ್ಣು ಶನಿವಾರವೇ ತಂದಿಡಿ. ಮಾಲ್‌ಗೆ ಹೋಗಿ ಹೊತ್ತು ಕಳೆಯುವ ಬೆಂಗಳೂರಿನ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಬವೇರಿಯಾದಲ್ಲಿ ಇದ್ದೀರಾದರೆ ಬೀರ್‌ಗಾರ್ಟನ್‌ಗೆ ಹೋಗಿ. ಹೆಸರು ಕೇಳಿ ನನ್ನಮ್ಮ "ಏನೇ ಇದು, ಮಗೂನ ಬಾರಿಗೆ ಕರ್ಕೊಂಡು ಹೋಗ್ತೀಯಾ?" ಅಂದಿದ್ದರು. ಬಾರ್ ಅಲ್ಲ. ದೊಡ್ಡ ಚೆಸ್ಟ್‌ನಟ್ ಮರಗಳ ಕೆಳಗೆ ಉದ್ದುದ್ದ ಬೆಂಚು, ಎಷ್ಟೋ ಕಡೆ ಪಕ್ಕದಲ್ಲೇ ಜಾರುಬಂಡೆ. ಇಲ್ಲಿನ ಸಂಪ್ರದಾಯವನ್ನು 1999ರ ಬವೇರಿಯಾ ಸರ್ಕಾರದ ನಿಯಮವೂ ಒಪ್ಪುತ್ತದೆ: ಊಟ ನೀವೇ ತರಬಹುದು, ಕುಡಿಯೋಕೆ ಮಾತ್ರ ಅಲ್ಲೇ ಕೊಳ್ಳಬೇಕು. ಸೇಬಿನ ರಸ ಕೊಂಡರೂ ಸಾಕು. ಮೇಜಿನ ಮೇಲೆ ಬಟ್ಟೆ ಹಾಸಿದ್ದರೆ ಅದು ಮಾಣಿ ಬಂದು ಬಡಿಸುವ ಜಾಗ, ಅಲ್ಲಿ ಡಬ್ಬಿ ಬಿಚ್ಚಬೇಡಿ. ಬಟ್ಟೆ ಇಲ್ಲದ ಮೇಜಿಗೆ ಹೋಗಿ.

ನಮ್ಮ ಮೆಚ್ಚಿನದು ಹಿರ್ಷ್‌ಗಾರ್ಟನ್. ಸುಮಾರು 8000 ಜನ ಕೂರುವ ಜಾಗ, ಬೇಲಿಯಾಚೆ ಜಿಂಕೆಗಳು. ಅಮ್ಮ ಮೊದಲ ಸಲ ಬಂದಾಗ ಚಿತ್ರಾನ್ನ, ಮೊಸರನ್ನ, ಹಪ್ಪಳ ಕಟ್ಟಿಕೊಂಡು ಹೋಗಿದ್ದೆವು. ಎದುರು ಕೂತ ಮುದುಕರೊಬ್ಬರು ಲೀಟರ್ ಲೋಟದ ಪಕ್ಕ ಮೂಲಂಗಿಯನ್ನು ಸುರುಳಿ ಸುರುಳಿಯಾಗಿ ಕೊಯ್ದು ಉಪ್ಪು ಹಾಕಿಕೊಂಡು ತಿನ್ನುತ್ತಿದ್ದರು. ಹಪ್ಪಳ ಅತ್ತ ಹೋಯಿತು, ಮೂಲಂಗಿ ಇತ್ತ ಬಂತು. ಅಮ್ಮನಿಗೆ ಬೀರ್‌ಗಾರ್ಟನ್ ಮೇಲಿದ್ದ ಸಿಟ್ಟು ಅಲ್ಲಿಗೆ ಮುಗಿಯಿತು.

ಸಸ್ಯಾಹಾರಿಗಳಿಗೆ ಒಂದು ಮಾತು. ಮಾಂಸದಂಗಡಿಯ ಕೌಂಟರಿನಲ್ಲಿ ಪುಟ್ಟ ಮಕ್ಕಳ ಕೈಗೆ ಗೆಲ್ಬ್‌ವುರ್ಸ್ಟ್ ಅನ್ನುವ ಸಾಸೇಜಿನ ಒಂದು ಹೋಳು ಕೊಡೋದು ಇಲ್ಲಿ ಹಳೇ ವಾಡಿಕೆ. ಪ್ರೀತಿಯಿಂದಲೇ ಕೊಡುತ್ತಾರೆ, ಮುಖ ಸಿಂಡರಿಸಬೇಡಿ. "ನೈನ್ ಡಾಂಕೆ" ಅಂತ ನಕ್ಕು ಹೇಳಿದರೆ ಸಾಕು. ಗಮ್ಮಿ ಬೇರ್ ಮಿಠಾಯಿಯಲ್ಲೂ ಸಾಮಾನ್ಯವಾಗಿ ಹಂದಿಯ ಜೆಲಟಿನ್ ಇರುತ್ತದೆ, ಪೊಟ್ಟಣ ತಿರುಗಿಸಿ ಓದಿ.

ಸದ್ದಿನ ಬಗ್ಗೆ ಜಾಸ್ತಿ ಹೆದರಬೇಡಿ. ಕೀಟಾ, ಆಟದ ಜಾಗಗಳಿಂದ ಬರುವ ಮಕ್ಕಳ ಗಲಾಟೆಯನ್ನು ಸಾಮಾನ್ಯವಾಗಿ ಹಾನಿಕರ ಗದ್ದಲ ಅಂತ ಎಣಿಸುವಂತಿಲ್ಲ ಅಂತ 2011ರಲ್ಲೇ ಕಾನೂನು ತಿದ್ದಿದ್ದಾರೆ. ಪಕ್ಕದ ಮನೆಯವರು ಗೊಣಗುವುದು ಸದ್ದಿಗಿಂತ ಮರಳಿಗೆ. ಶ್ಪೀಲ್‌ಪ್ಲಾಟ್ಸ್‌ನಿಂದ ಬಂದಾಗ ಮಗುವಿನ ಒಂದೊಂದು ಬೂಟಿನಲ್ಲಿ ಒಂದೊಂದು ಮುಷ್ಟಿ ಮರಳು ಗ್ಯಾರಂಟಿ. ಕಟ್ಟಡದ ಬಾಗಿಲ ಹೊರಗೇ ನಿಂತು ಬೂಟು ಬೋರಲು ಹಾಕಿ ಕೊಡವಿ, ಪ್ಯಾಂಟಿನ ಮಡಿಕೆ ಬಿಚ್ಚಿ, ಆಮೇಲೆ ಒಳಗೆ ಹೋಗಿ. ಮೆಟ್ಟಿಲು ಗುಡಿಸುವ ಸರದಿ ಈ ವಾರ ನಿಮ್ಮದೇ ಇರಬಹುದು.