ಅಮ್ಮನ ಕೈಗೆ ಏಡಿ: ಗೇಮ್ ಕಂಟ್ರೋಲರಿನಿಂದ ಕೋಡಿ ನಡೆಸಿದ ನನ್ನ ಅನುಭವ

ನಮ್ಮ ಟಿವಿಯ ಬೆನ್ನಿಗೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಅಂಟಿಸಿದ್ದೇನೆ. ಅದರಲ್ಲಿ ಲಿಬ್ರೆಎಲೆಕ್ ಎಂಬ ಆಪರೇಟಿಂಗ್ ಸಿಸ್ಟಮ್, ಅದರ ಮೇಲೆ ಸಿನಿಮಾ, ಹಾಡು ಓಡಿಸುವ ಕೋಡಿ. ಹಳೇ ಸಿನಿಮಾ, ಮದುವೆ ವಿಡಿಯೋ, ಅಮ್ಮನ ದೇವರನಾಮ ಎಲ್ಲ ಒಂದೇ ಹಾರ್ಡ್ ಡಿಸ್ಕಿನಲ್ಲಿವೆ. ಟಿವಿಗೆ ಸಿಇಸಿ, ಅಂದರೆ ರಿಮೋಟಿನ ಸಂಕೇತವನ್ನು ಎಚ್‌ಡಿಎಂಐ ತಂತಿಯಲ್ಲಿ ದಾಟಿಸುವ ಸೌಲಭ್ಯ ಇಲ್ಲ, ಹಾಗಾಗಿ ಅದರ ರಿಮೋಟ್ ಒತ್ತಿದರೆ ಪೈಗೆ ಗೊತ್ತೇ ಆಗುವುದಿಲ್ಲ. ಇದ್ದ ಒಂದು ಪುಟ್ಟ ವೈರ್‌ಲೆಸ್ ಕೀಬೋರ್ಡು ಸಾರಿನ ಪಾತ್ರೆಗೆ ಬಿದ್ದು ಸತ್ತಿತು. ಫೋನನ್ನೇ ಕೋಡಿಯ ರಿಮೋಟ್ ಮಾಡುವ ಕೋರೆ ಆ್ಯಪ್ ಹಾಕಿಕೊಟ್ಟೆ. ಯಾರದಾದರೂ ಕರೆ ಬಂದಾಗಲೆಲ್ಲ ಸಿನಿಮಾ ನಿಲ್ಲಿಸಲು ದಾರಿಯಿಲ್ಲದೆ ಅಮ್ಮ ಕೂಗುತ್ತಿದ್ದರು.

ಆಗ ಅಟ್ಟದ ಮೇಲಿದ್ದ ಯುಎಸ್‌ಬಿ ಗೇಮ್‌ಪ್ಯಾಡ್ ನೆನಪಾಯಿತು. ಕಾಲೇಜಿನಲ್ಲಿದ್ದಾಗ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚೌಕಾಸಿ ಮಾಡಿ ತಂದದ್ದು. ಅಮ್ಮ ಅದನ್ನು ತಿರುಗಿಸಿ ನೋಡಿ, "ಇದೇನೋ ಏಡಿ ಥರ ಇದೆ" ಅಂದರು. ಅವತ್ತಿನಿಂದ ಮನೆಯಲ್ಲಿ ಅದರ ಹೆಸರು ಏಡಿ.

ಕೋಡಿಗೆ ಗೇಮ್‌ಪ್ಯಾಡ್ ಹೊಸದೇನಲ್ಲ. 2002ರಲ್ಲಿ ಎಕ್ಸ್‌ಬಾಕ್ಸ್ ಆಟದ ಪೆಟ್ಟಿಗೆಗೆಂದೇ ಹುಟ್ಟಿದ ತಂತ್ರಾಂಶ ಅದು. ಬಹಳ ಕಾಲ ಎಕ್ಸ್‌ಬಿಎಂಸಿ, ಅಂದರೆ ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್ ಎಂಬ ಹೆಸರಿತ್ತು. ಕೋಡಿ ಆದದ್ದು 2014ರಲ್ಲಿ. ಹಾಗಾಗಿ ಚುಚ್ಚಿದ ಕೂಡಲೇ ಕೆಲಸ ಮಾಡುತ್ತದೆ ಅಂದುಕೊಂಡೆ.

ಮಾಡಿತು, ಅರ್ಧ. ಸೆಟ್ಟಿಂಗ್ಸ್, ಸಿಸ್ಟಮ್, ಇನ್‌ಪುಟ್ ಒಳಗೆ ಹೋದರೆ ಜೋಡಿಸಿದ ಕಂಟ್ರೋಲರುಗಳನ್ನು ಹೊಂದಿಸುವ ಜಾಗ ಸಿಗುತ್ತದೆ. ಪರದೆಯ ಮೇಲೆ ಕಂಟ್ರೋಲರಿನ ಚಿತ್ರ ಬರುತ್ತದೆ, ಒಂದೊಂದೇ ಗುಂಡಿಯನ್ನು ತೋರಿಸಿ ಇದನ್ನು ಒತ್ತು ಅನ್ನುತ್ತದೆ. ಎಲ್ಲ ಒತ್ತಿದೆ, ಸರಿಹೋಯಿತು. ಮರುದಿನ ಬೆಳಿಗ್ಗೆ ಕರೆಂಟ್ ಹೋಗಿ ಬಂದಮೇಲೆ ಬಾಣದ ಗುಂಡಿಗಳು ಅಲ್ಲಾಡಲಿಲ್ಲ. ಮತ್ತೆ ಮ್ಯಾಪ್ ಮಾಡಿದೆ, ಅಂದರೆ ಗುಂಡಿಗಳನ್ನೆಲ್ಲ ಒತ್ತಿ ಗುರುತು ಹಿಡಿಸಿದೆ. ಸಂಜೆ ಮತ್ತೆ ಹಾಗೇ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಕಂಡದ್ದು ನಡುವಿನ ಅನಲಾಗ್ ಗುಂಡಿ ಮತ್ತು ಅದರ ಕೆಂಪು ದೀಪ. ದೀಪ ಉರಿಯುತ್ತಿದ್ದರೆ ಬಾಣದ ಗುಂಡಿಗಳು ಒಂದು ರೀತಿಯ ಸಂಕೇತ ಕಳಿಸುತ್ತವೆ. ಆರಿದ್ದರೆ ಅವೇ ಗುಂಡಿಗಳು ಹೆಬ್ಬೆರಳಿನಿಂದ ವಾಲಿಸುವ ಎಡಗಡೆಯ ಕೋಲಿನ ವೇಷ ಹಾಕುತ್ತವೆ. ನಾನು ದೀಪ ಉರಿಯುವಾಗ ಮ್ಯಾಪ್ ಮಾಡಿದ್ದೆ. ಕರೆಂಟ್ ಬಂದಾಗಲೆಲ್ಲ ಅದು ದೀಪ ಆರಿಸಿಕೊಂಡೇ ಏಳುತ್ತಿತ್ತು. ದೀಪ ಆರಿದ ಸ್ಥಿತಿಯಲ್ಲೇ ಇನ್ನೊಮ್ಮೆ ಮ್ಯಾಪ್ ಮಾಡಿ, ಆ ಗುಂಡಿಯ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿದೆ.

ಆಮೇಲೆ ದೆವ್ವ ಬಂತು. ಯಾರೂ ಮುಟ್ಟದಿದ್ದರೂ ಸಿನಿಮಾ ಪಟ್ಟಿ ತಾನಾಗಿಯೇ ನಿಧಾನಕ್ಕೆ ಕೆಳಗೆ ಸರಿಯುತ್ತಿತ್ತು, ಸ್ಕ್ರೀನ್‌ಸೇವರ್ ಬರುತ್ತಲೇ ಇರಲಿಲ್ಲ. ಕೋಲು ಸವೆದು ನಡುವಿನಲ್ಲಿ ನಿಲ್ಲುತ್ತಿರಲಿಲ್ಲ, ಅಷ್ಟೇ. ಕಂಟ್ರೋಲರಿನ ಸೆಟ್ಟಿಂಗಿನಲ್ಲಿ ಡೆಡ್‌ಝೋನ್ ಅಂತ ಇದೆ. ಕೋಲು ಎಷ್ಟರವರೆಗೆ ವಾಲಿದರೆ ಗಮನಿಸಬೇಡ ಅನ್ನುವ ಅಳತೆ ಅದು. ಏರಿಸಿದೆ, ದೆವ್ವ ಬಿಟ್ಟುಹೋಯಿತು.

ನಿಜವಾದ ತೊಂದರೆ ಇದ್ದದ್ದು ಗುಂಡಿಗಳ ಸಂಖ್ಯೆಯಲ್ಲಿ. ಎಣಿಸಿ ನೋಡಿ: ಬಾಣಗಳು ನಾಲ್ಕು, ಬಲಗಡೆ ನಾಲ್ಕು, ಹೆಗಲ ಮೇಲೆ ನಾಲ್ಕು, ನಡುವೆ ಎರಡು ಮೂರು, ಎರಡು ಕೋಲು, ಆ ಕೋಲುಗಳೂ ಒತ್ತುವ ಗುಂಡಿಗಳೇ. ಆಟವಾಡುವವರಿಗೆ ಅಷ್ಟೂ ಬೇಕು. ಅಮ್ಮ ಏಡಿಯನ್ನು ಮಡಿಲಲ್ಲಿ ಇಟ್ಟುಕೊಂಡರೆ ಹೆಗಲ ಗುಂಡಿಗಳು ತಾವಾಗಿಯೇ ಒತ್ತಿಕೊಂಡು ಸಿನಿಮಾ ಹಿಂದಕ್ಕೆ ಮುಂದಕ್ಕೆ ಓಡುತ್ತಿತ್ತು. ಮೊದಲು ನಾನೂ ಉತ್ಸಾಹದಲ್ಲಿ ಖಾಲಿ ಇದ್ದ ಗುಂಡಿಗಳಿಗೆಲ್ಲ ಏನೇನೋ ಕಟ್ಟಿದ್ದೆ: ಸಬ್‌ಟೈಟಲ್, ಆಡಿಯೋ ಟ್ರ್ಯಾಕ್, ಶಟ್‌ಡೌನ್. ಒಂದು ರಾತ್ರಿ ಕ್ಲೈಮ್ಯಾಕ್ಸಿನಲ್ಲಿ ಪೈ ಶಟ್‌ಡೌನ್ ಆಯಿತು. ಅಮ್ಮ ಏನೂ ಅನ್ನಲಿಲ್ಲ, ಎದ್ದು ಮಲಗಲು ಹೋದರು. ಬೈದಿದ್ದರೆ ವಾಸಿ ಇತ್ತು.

ಅವತ್ತು ಕೂತು, ಗುಂಡಿಗಳಿಗೆ ಕಟ್ಟಿದ್ದನ್ನೆಲ್ಲ ಬಿಚ್ಚತೊಡಗಿದೆ. ಇಲ್ಲಿ ಒಂದು ವಿಷಯ ಅರ್ಥವಾದರೆ ಉಳಿದದ್ದು ಸುಲಭ. ಕೋಡಿಯಲ್ಲಿ ಎರಡು ಪದರ ಇದೆ. ನಿಮ್ಮ ಕೈಯಲ್ಲಿರುವ ಪ್ಯಾಡಿನ ಗುಂಡಿ ಕೋಡಿಯ ಮನಸ್ಸಿನಲ್ಲಿರುವ ಒಂದು ಮಾದರಿ ಪ್ಯಾಡಿನ ಯಾವ ಗುಂಡಿ ಅನ್ನುವುದು ಮೊದಲ ಪದರ. ಚಿತ್ರ ತೋರಿಸಿ ಒತ್ತಿಸಿಕೊಳ್ಳುವುದು ಇದಕ್ಕೇ. ಮಾದರಿ ಪ್ಯಾಡಿನ ಆ ಗುಂಡಿ ಒತ್ತಿದರೆ ಏನಾಗಬೇಕು ಅನ್ನುವುದು ಎರಡನೆಯದು, ಕೀಮ್ಯಾಪ್. ಲಿಬ್ರೆಎಲೆಕ್‌ನಲ್ಲಿ ಸಾಂಬಾ, ಅಂದರೆ ಮನೆಯ ನೆಟ್‌ವರ್ಕಿನಲ್ಲಿ ಫೋಲ್ಡರ್ ಹಂಚುವ ಸೌಲಭ್ಯ ಆನ್ ಇದ್ದರೆ ಲ್ಯಾಪ್‌ಟಾಪಿನಿಂದಲೇ ಯೂಸರ್‌ಡೇಟಾ ಫೋಲ್ಡರ್ ತೆರೆಯಬಹುದು. ಅದರೊಳಗಿನ ಕೀಮ್ಯಾಪ್ಸ್ ಫೋಲ್ಡರಿನಲ್ಲಿ ಯಾವ ಗುಂಡಿಗೆ ಏನು ಕೆಲಸ ಅಂತ ಟ್ಯಾಗುಗಳಲ್ಲಿ ಬರೆದ ಒಂದು ಎಕ್ಸ್‌ಎಂಎಲ್ ಫೈಲ್ ಇಟ್ಟು ಕೋಡಿ ರೀಸ್ಟಾರ್ಟ್ ಮಾಡಿದರೆ ಆಯಿತು. ಒಂದು ಟ್ಯಾಗ್ ಮುಚ್ಚಲು ಮರೆತರೆ ಇಡೀ ಫೈಲನ್ನೇ ಓದುವುದಿಲ್ಲ. ಪರದೆಯ ಮೇಲೆ ಏನೂ ಹೇಳುವುದಿಲ್ಲ, ಲಾಗ್ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ನನ್ನ ಫೈಲಿನಲ್ಲಿ ಮುಕ್ಕಾಲು ಪಾಲು ಬರೀ ನೋ-ಆಪ್, ಅಂದರೆ ಒತ್ತಿದರೂ ಏನೂ ಮಾಡಬೇಡ. ಹೆಗಲಿನ ನಾಲ್ಕಕ್ಕೂ ನೋ-ಆಪ್, ಎರಡು ಕೋಲಿಗೂ ನೋ-ಆಪ್. ಉಳಿಸಿದ್ದು ಬಾಣಗಳು, ಬಲಗಡೆಯ ನಾಲ್ಕರಲ್ಲಿ ಕೆಳಗಿನ ಗುಂಡಿ ಮತ್ತು ಬಲಗಡೆಯ ಗುಂಡಿ, ಸ್ಟಾರ್ಟ್. ಕೆಳಗಿನದು ಹೂಂ, ಬಲಗಡೆಯದು ಊಹೂಂ ಅಂತ ಹೇಳಿಕೊಟ್ಟೆ. ಸಿನಿಮಾ ಓಡುವಾಗ ಹೂಂ ಗುಂಡಿ ಒತ್ತಿದರೆ ಪಾಜ್, ಅಲ್ಲೇ ನಿಲ್ಲುತ್ತದೆ. ಫುಲ್‌ಸ್ಕ್ರೀನ್ ವಿಡಿಯೋಗೆ ಬೇರೆ ವಿಭಾಗ ಬರೆಯಬಹುದಾದ್ದರಿಂದ ಇದು ಸಾಧ್ಯ.

ಎರಡು ಪದರದ ಲಾಭ ಮುಂದೆ ಗೊತ್ತಾಯಿತು. ತಂತಿ ಎಡವಿ ಬೀಳುವಂತಾದ ಮೇಲೆ ಪ್ಲೇಸ್ಟೇಷನ್ 4ರ ತಂತಿಯಿಲ್ಲದ ಕಂಟ್ರೋಲರ್ ಡ್ಯುಯಲ್‌ಶಾಕ್ 4 ಅನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಮೊದಲ ಪದರ ಹೊಸದಾಗಿ ಮಾಡಿದೆ, ಕೀಮ್ಯಾಪ್ ಮುಟ್ಟಲೇ ಇಲ್ಲ. ಜೋಡಿಸಲು ಶೇರ್ ಮತ್ತು ಪಿಎಸ್ ಗುಂಡಿಗಳನ್ನು ಒಟ್ಟಿಗೆ ಹಿಡಿಯಬೇಕು, ದೀಪ ಬೇಗಬೇಗ ಮಿನುಗುವವರೆಗೆ. ಆಮೇಲೆ ಲಿಬ್ರೆಎಲೆಕ್ ಬ್ಲೂಟೂತ್ ಪಟ್ಟಿಯಲ್ಲಿ ಟ್ರಸ್ಟ್ ಕೊಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಮರುದಿನ ಗುರುತು ಹಿಡಿಯುವುದಿಲ್ಲ. ಕಂಟ್ರೋಲರಿನ ಟಚ್‌ಪ್ಯಾಡನ್ನು ಲಿಬ್ರೆಎಲೆಕ್‌ನ ಒಳಗಿರುವ ಲಿನಕ್ಸ್ ಮೌಸ್ ಎಂದೇ ತಿಳಿಯುತ್ತದೆ. ಹೆಬ್ಬೆರಳು ತಗುಲಿದಾಗಲೆಲ್ಲ ಪರದೆಯ ಮೇಲೆ ಬಾಣ ಓಡಾಡುತ್ತಿತ್ತು. ಇನ್‌ಪುಟ್ ಸೆಟ್ಟಿಂಗಿನಲ್ಲೇ ಮೌಸ್ ಆಫ್ ಮಾಡಿದೆ. ಗುಂಡಿ ಒತ್ತಿ ಅರೆಕ್ಷಣ ಬಿಟ್ಟು ಕೆಲಸ ಆಗುತ್ತಿದ್ದುದಕ್ಕೆ ಕಾರಣ ಬೇರೆ: ಬ್ಲೂಟೂತ್, 2.4 ಗಿಗಾಹರ್ಟ್ಸ್ ವೈಫೈ ಎರಡೂ ಒಂದೇ ತರಂಗದಲ್ಲಿ, ಪಕ್ಕದಲ್ಲೇ ಅದೇ ಜಾಗಕ್ಕೆ ಗದ್ದಲ ಸುರಿಯುವ ಯುಎಸ್‌ಬಿ 3 ಹಾರ್ಡ್ ಡಿಸ್ಕ್. ಪೈಗೆ ಲ್ಯಾನ್ ಕೇಬಲ್ ಎಳೆದು, ಡಿಸ್ಕನ್ನು ಒಂದು ಮೊಳ ದೂರ ಸರಿಸಿದ ಮೇಲೆ ಸರಿಹೋಯಿತು.

ಬಿಚ್ಚಿದ ಗುಂಡಿಗಳಲ್ಲಿ ಒಂದನ್ನು ಅಮ್ಮನೇ ವಾಪಸ್ ಕೇಳಿದರು. "ಕುಕ್ಕರ್ ಕೂಗಿದಾಗ ಅವನು ಏನಂದ ಅಂತ ಕೇಳಿಸೋದಿಲ್ಲ ಕಣೋ. ಒಂಚೂರು ಹಿಂದಕ್ಕೆ ಹೋಗೋ ಹಾಗೆ ಮಾಡು." ಮೇಲಿನ ಗುಂಡಿಗೆ ಸ್ಮಾಲ್ ಸ್ಟೆಪ್ ಬ್ಯಾಕ್ ಕಟ್ಟಿದೆ. ಒಮ್ಮೆ ಒತ್ತಿದರೆ 7 ಸೆಕೆಂಡ್ ಹಿಂದೆ ಹೋಗುತ್ತದೆ. ಬೇಳೆ ಬೇಯುವ ದಿನ ಎರಡು ಸಲ ಒತ್ತುತ್ತಾರೆ.